ಮೂವತ್ತು ಗುಳಿಗೆ

ಜೇವರ್ಗಿಯ ಶಾಲೆಗೆ ‘ಮನೋವೈದ್ಯರ ಸಂಘ, ಎರಡನೆಯ ವಾರ್ಷಿಕ ಶಿಬಿರ, ೧೯೮೮’ ಎಂಬ ಬ್ಯಾನರ್ ಕಟ್ಟಿದ್ದರು. ರೋಗಿಗಳ ಹೆಸರು ಇಂಗ್ಲಿಷಿನಲ್ಲಿ ಬರೆಯಲು ಅಂದೋಲಾದಿಂದ ನನ್ನನ್ನು ಕರೆಸಿದ್ದರು.

ಹೋದ ಶ್ರಾವಣದ ಶಿಬಿರಕ್ಕೆ ನನ್ನ ಗಂಡ ಶಾಂತಲಿಂಗಪ್ಪ ಬಂದಿದ್ದರು. ಅವರಿಗೆ ಯಾರದೋ ದನಿಗಳು ಕೇಳುತ್ತಿದ್ದವು. ಸಂಘದವರು ಮೂವತ್ತು ಗುಳಿಗೆ ಕೊಟ್ಟು ಜೀಪು ಹತ್ತಿದರು. ದಿನಕ್ಕೊಂದು ಎಂದು ಪೊಟ್ಟಣದ ಮೇಲೆ ಇಂಗ್ಲಿಷಿನಲ್ಲಿತ್ತು. ನಾನು ಎಂ.ಎ. ಓದುತ್ತ ಗುಲಬರ್ಗಾದ ಹಾಸ್ಟೆಲಿನಲ್ಲಿದ್ದೆ. ರಜೆಗೆ ಬಂದಾಗ ಕೇಳಿದೆ.

“ಗುಳಿಗಿ ಕೊಡಾಕತ್ತೀರಿಲ್ರಿ ಅತ್ತಿ?”

“ತಪ್ಪದ ಕೊಡಾಕತ್ತೇನಿ.”

ನಂಬಿದೆ. ಡಾಕ್ಟರು ಬರುವುದು ವರ್ಷಕ್ಕೊಮ್ಮೆ. ಹುಚ್ಚು ಕೆದರುವುದು ಅಮಾವಾಸ್ಯೆ, ಹುಣ್ಣಿಮೆಗೆ ಎಂಬುದು ಅತ್ತೆಯ ಲೆಕ್ಕ. ಆ ದಿನಗಳಲ್ಲಿ ಮಾತ್ರ ಮಗನಿಗೆ ವಿಭೂತಿ ಹಚ್ಚಿ ಒಂದೊಂದು ನುಂಗಿಸಿದ್ದರು. ಮಾಘದ ಹುಣ್ಣಿಮೆಯಾದ ಮೂರನೆಯ ದಿನ ನನ್ನ ಗಂಡ ಭೀಮಾ ನದಿಗೆ ಇಳಿದವರು ಜೀವಂತ ಮೇಲೆ ಬರಲಿಲ್ಲ. ಡಬ್ಬಿಯಲ್ಲಿ ಹದಿನೇಳು ಗುಳಿಗೆ ಉಳಿದಿದ್ದವು.

ಆರು ತಿಂಗಳು ಸಿಟ್ಟನ್ನೆಲ್ಲ ಅತ್ತೆಯ ಮೇಲೆ ಹಾಕಿದೆ.

ಈಗ ನನ್ನ ಮೇಜಿನೆದುರು ಅಫಜಲಪುರ ಕಡೆಯ ಸಕ್ಕುಬಾಯಿ ನಿಂತಿದ್ದಳು. ಮಗ ಬೀರಲಿಂಗಪ್ಪನ ಕೈಯನ್ನು ತನ್ನ ಸೆರಗಿಗೆ ಕಟ್ಟಿಕೊಂಡಿದ್ದಳು. ಅವಳಿಗೂ ಮೂವತ್ತು ಸಿಕ್ಕಿದ್ದವು.

“ಹೆಂಗ ಕೊಡ್ತೀ ಯವ್ವಾ?”

“ಅಮಾಸಿಗೊಂದು, ಹುಣ್ಣಿಮಿಗೊಂದು ಕೊಡ್ತೇನ್ರಿ ಬಾಯಾರ. ಮುಂದಿನ ವರ್ಷದ ತನಕಾ ಮುಟ್ಟಬೇಕಲ್ರಿ.”

“ದಿನಾ ಕೊಡಬೇಕು.”

“ತೀರಿದ ಮ್ಯಾಲ?”

ರಿಜಿಸ್ಟರ್ ಎತ್ತಿಕೊಂಡು ಎದ್ದೆ. ಸಂಘದ ಕಾರ್ಯದರ್ಶಿ ಡಾಕ್ಟರು ಹಾರ ತೆಗೆಯುತ್ತಿದ್ದರು. ಅವಳ ಪ್ರಶ್ನೆಯನ್ನೇ ಕೇಳಿದೆ.

“ನೋಡಮ್ಮಾ, ತಿಳುವಳಿಕೆ ಮೂಡಿಸೋದು ಸಂಘದ ಕೆಲಸ. ಔಷಧ ಸರ್ಕಾರದ್ದು.”

“ನಮ್ಮತ್ತಿಗೆ ತಿಳುವಳಿಕಿ ಮೂಡೇದ್ರಿ. ಮಗನ್ನ ಮಣ್ಣು ಮಾಡಿದ ಮ್ಯಾಲ.”

ಅವರು ಕೈ ಚಾಚಿದರು. “ರಿಜಿಸ್ಟರ್ ಕೊಡಿ. ಸಮ್ಮೇಳನದಲ್ಲಿ ವರದಿ ಓದಬೇಕು.”

“ತಿಂಗಳಿಗೊಮ್ಮೆ ಒಬ್ಬ ಡಾಕ್ಟರ್ ಔಷಧ ತಗೊಂಡು ಬರ್ತಾರಂತ ಇದರಾಗ ಬರೀರಿ. ಕೊಡ್ತೇನಿ.”

“ನಮಗೆ ಟೈಮೆಲ್ಲಿದೆ?”

“ಸಂಘದಾಗ ಎಷ್ಟು ಮಂದಿ ಅದೀರಿ?”

“ಮೂವತ್ತು.”

“ತಿಂಗಳಿಗೊಬ್ಬರಂದ್ರ ಒಬ್ಬೊಬ್ಬರ ಪಾಳಿ ಎರಡೂವರಿ ವರ್ಷಕ್ಕ ಒಮ್ಮಿ. ಅಷ್ಟೂ ಟೈಮಿಲ್ಲೇನ್ರಿ?”

ಆಸ್ಪತ್ರೆಯ ಕಂಪೌಂಡರ್ ಲಾಲಸಾಬ ನಕ್ಕ. “ಬರದ ಬಿಡ್ರಿ ಸಾಹೇಬ್ರ. ಈ ಬಾಯಾರು ಯುನಿವರ್ಸಿಟಿ ಕಲ್ತಾರ, ಜೀಪಿನ ಮುಂದ ಕುಂತರಂದ್ರ ಏಳಂಗಿಲ್ಲ.”

ಸಾಲು ಮುರಿದು ಜನ ಸುತ್ತ ಸೇರಿದ್ದರು. ಡಾಕ್ಟರು ಪೆನ್ನು ತೆಗೆದರು. ಪ್ರತಿ ತಿಂಗಳ ಮೊದಲ ಸೋಮವಾರ ಎಂದು ಇಂಗ್ಲಿಷಿನಲ್ಲಿ ಬರೆದರು.

ರಿಜಿಸ್ಟರನ್ನು ಅವರತ್ತ ತಳ್ಳಿದೆ.

“ಕನ್ನಡದಾಗ ಬರೀರಿ. ಸಿಕ್ಕಾ ಹೊಡೀರಿ.”

ಬರೆದರು. ಲಾಲಸಾಬ ಮೊಹರಿನ ಶಾಯಿಯ ಡಬ್ಬಿ ತೆರೆದು ಹಿಡಿದ. ಸಿಕ್ಕಾ ಬಿದ್ದ ಮೇಲೆ ಅದನ್ನು ಎಲ್ಲರಿಗೂ ಕೇಳುವಂತೆ ಎರಡು ಸಲ ಓದಿದೆ. ಸಕ್ಕುಬಾಯಿ ಪೊಟ್ಟಣ ಬಿಚ್ಚಿ, ಮಗನ ಬಾಯಿಗೆ ಒಂದು ಗುಳಿಗೆ ಹಾಕಿ, ನೀರು ಕೇಳಿದಳು.

ಅಂದು ದಶಮಿ.