ಏಳನೇ ಮನೆಯ ಹಿಂಗೋಡೆ

ಬಣ್ಣದಣ್ಣ ಯಾವ ಗೋಡೆಯ ಮುಂದೆ ನಿಂತರೂ ಮೊದಲು ಅದನ್ನು ಮಾತಾಡಿಸುತ್ತಿದ್ದ. ಬೆರಳ ಗೆಣ್ಣಿನಿಂದ ಟಕಟಕ ಬಡಿದು ಕಿವಿಗೊಡುತ್ತಿದ್ದ. ಆಮೇಲೆ ಕೈಯ ಹಿಂಬದಿಯನ್ನು ಮೆಲ್ಲಗೆ ಒತ್ತಿ, ಜ್ವರ ನೋಡುವವನ ಹಾಗೆ ಕಣ್ಣು ಮುಚ್ಚುತ್ತಿದ್ದ. ಅಂಗೈ ದುಡಿದು ದುಡಿದು ಜಡ್ಡುಗಟ್ಟಿದೆ, ಅದಕ್ಕೇನೂ ತಿಳಿಯುವುದಿಲ್ಲ, ಕೈಯ ಹಿಂಬದಿಗೆ ತೇವ ತಟ್ಟನೆ ಗೊತ್ತಾಗುತ್ತದೆ ಎನ್ನುವುದು ಅವನ ಇಪ್ಪತ್ತು ವರ್ಷದ ಅನುಭವ. ಒದ್ದೆ ಗೋಡೆಗೆ ಬಣ್ಣ ಬಳಿಯಿರಿ ಎಂದು ಯಾರಾದರೂ ಅಂದರೆ ಬ್ರಷ್ಷು ಕಂಕುಳಿಗೆ ಸಿಕ್ಕಿಸಿಕೊಂಡು ಹೊರಟೇಬಿಡುವ ಜಾತಿ ಅವನದು. ಅಂಥವನು ತನ್ನ ಮನೆಯಲ್ಲೇ ಅದೇ ಕೆಲಸ ಮಾಡಿದ. ಯಾಕೆ ಮಾಡಿದ ಅಂತ ಕೇಳಿದರೆ, ಅಮ್ಮನಿಗೋಸ್ಕರ ಅನ್ನಬೇಕು. ಪೂರ್ತಿ ಅಮ್ಮನ ತಲೆಗೇ ಕಟ್ಟುವುದೂ ನ್ಯಾಯವಲ್ಲ.

ಅವನಿದ್ದದ್ದು ಎಂಟು ಮನೆಗಳ ಸಾಲಿನಲ್ಲಿ, ಏಳನೆಯದರಲ್ಲಿ. ನಗರಸಭೆ ಯಾವುದೋ ಕಾಲದಲ್ಲಿ ಕಟ್ಟಿಸಿದ ಮನೆಗಳು. ಒಂದೇ ಕೋಣೆ, ಮೂಲೆಯಲ್ಲಿ ಒಲೆ, ಮುಂದೆ ಬಾಗಿಲು, ಬಾಗಿಲ ಪಕ್ಕದಲ್ಲಿ ಕಿಟಕಿ. ಹಿಂದಕ್ಕೆ ಬರೀ ಗೋಡೆ. ಏಳು ಮತ್ತು ಎಂಟನೇ ಮನೆಯ ಹಿಂಗೋಡೆಗೆ ಅಂಟಿಕೊಂಡೇ ಇಡೀ ಸಾಲಿನ ಬಚ್ಚಲು. ಗೋಡೆಯೊಳಗೆ ಹಾದುಹೋಗುವ ಪೈಪು ಎಲ್ಲೋ ಬಿರುಕು ಬಿಟ್ಟಿತ್ತು. ಮೊಣಕಾಲೆತ್ತರದಿಂದ ಎದೆಮಟ್ಟದವರೆಗೆ ಹಸಿರು ಬೂಷ್ಟು, ನಡುವೆ ಬಿಳಿ ಉಪ್ಪಿನ ಗೆರೆ. ಏಳು ವರ್ಷದ ಮಗಳು ಗುಬ್ಬಿಯ ಹಾಸಿಗೆ ಅದರ ಬುಡದಲ್ಲೇ. ಬೇರೆ ಕಡೆ ಹಾಸಲು ಜಾಗವಾದರೂ ಎಲ್ಲಿತ್ತು?

ಬೆಳಗಾಗೆದ್ದರೆ ಗುಬ್ಬಿಯ ಎದೆಯಲ್ಲಿ ಗೊರಗೊರ. ಆಸ್ಪತ್ರೆಯ ಡಾಕ್ಟರು ಮೂರನೇ ಸಲ ಔಷಧಿ ಬರೆದುಕೊಡುವಾಗ ಪೆನ್ನು ಕೆಳಗಿಟ್ಟು ಹೇಳಿದ್ದರು: "ಮಗೂಗೆ ಔಷಧಿ ಕೊಡಬಲ್ಲೆ, ನಿಮ್ಮ ಗೋಡೆಗೆ ಕೊಡೋಕೆ ನನ್ನ ಹತ್ರ ಏನೂ ಇಲ್ಲ. ಮಳೆಗಾಲಕ್ಕೆ ಮುಂಚೆ ಅದನ್ನ ಒಣಗಿಸಿ. ಇಲ್ಲದಿದ್ರೆ ಈ ವರ್ಷ ಇವಳನ್ನ ಇಲ್ಲೇ ಮಲಗಿಸಬೇಕಾಗುತ್ತೆ." ಮಳೆಗೆ ಇನ್ನು ಎರಡೇ ತಿಂಗಳಿತ್ತು.

ಅಷ್ಟರಲ್ಲಿ ನಲ್ಲಿಯ ಕಂಬಕ್ಕೆ ಒಂದು ಚೀಟಿ ಅಂಟಿತು. ಮಂಗಳವಾರ ಮನೆಗಳ ಸ್ಥಿತಿಯ ತಪಾಸಣೆ. ಯಾತಕ್ಕೆ ಅಂತ ಬರೆದಿರಲಿಲ್ಲ.

ಬಣ್ಣದಣ್ಣನ ಅಮ್ಮ ಸೊಂಟಕ್ಕೆ ಕೈಯಿಟ್ಟು ನಿಂತಳು. "ನಾಲ್ಕು ಜನ ಒಳಗೆ ಬಂದು ನೋಡ್ತಾರಂತೆ. ಊರವರ ಗೋಡೆ ಎಲ್ಲ ಫಳಫಳ ಅನ್ನಿಸ್ತೀಯ, ಹೆತ್ತವಳ ಮನೆ ನೋಡು, ಕೆರೆ ದಂಡೆ ಇದ್ದಂಗಿದೆ. ನನ್ನ ಮಾನ ಏನಾಗಬೇಕು?"

"ಅಮ್ಮಾ, ಒದ್ದೆ ಗೋಡೆಗೆ ಬಣ್ಣ ನಿಲ್ಲಲ್ಲ."

"ಎಷ್ಟು ದಿನ ನಿಲ್ಲಲ್ಲ?"

ಅಲ್ಲಿಗೆ ಅವನು ಸಿಕ್ಕಿಬಿದ್ದ. ಹದಿನೈದು ದಿನವಂತೂ ನಿಲ್ಲಿಸಬಲ್ಲೆ ಎಂದು ಅವನ ಕೈಗೆ ಗೊತ್ತಿತ್ತು. ಭಾನುವಾರ ಬೂಷ್ಟು ತೊಳೆದ, ದೀಪದ ಶಾಖ ಹಿಡಿದು ಮೇಲ್ಮೈ ಆರಿಸಿದ, ಮೇಲೆ ಪುಟ್ಟಿಯ ಲೇಪ ಎಳೆದ, ಉಪ್ಪು ಕಾಗದ ಹಾಕಿ ಕನ್ನಡಿಯಂತೆ ಉಜ್ಜಿದ. ಕೆಲಸದ ಮನೆಗಳಲ್ಲಿ ಉಳಿದ ಡಬ್ಬಿಗಳ ತಳ ಬಳಿದು ಒಂದು ತಿಳಿ ನೀಲಿ ಬೆರೆಸಿದ. ಹೊಲಿಗೆ ಕಾರ್ಖಾನೆಯ ಹೆಚ್ಚುವರಿ ಪಾಳಿ ಮುಗಿಸಿ ಬಂದ ಹೆಂಡತಿ ಬಾಗಿಲಲ್ಲೇ ನಿಂತು ನೋಡಿದಳು.

"ಒಣಗಿಲ್ಲ ತಾನೇ ಅದು?"

"ಮಂಗಳವಾರದವರೆಗೆ ಹೇಳಿದ ಮಾತು ಕೇಳುತ್ತೆ" ಎಂದ.

ಆ ನೀಲಿ ಚೆನ್ನಾಗಿತ್ತು, ಅದನ್ನು ಇಲ್ಲವೆನ್ನುವುದು ಅವಳಿಗೂ ಕಷ್ಟ.

ಎಂಟನೇ ಮನೆಯ ಇಸ್ತ್ರಿಯಕ್ಕ ಬಂದು ಮೂಗಿನ ಮೇಲೆ ಬೆರಳಿಟ್ಟಳು. "ಅಯ್ಯೋ, ಮದುವೆ ಮನೆ ಮಾಡಿಬಿಟ್ಟಿದ್ದೀಯಲ್ಲೋ! ಪಕ್ಕದಲ್ಲಿ ನಮ್ಮದು ಹಾಳು ಸುರಿದ್ರೆ ಆ ತಪಾಸಣೆಯವರು ಏನಂದ್ಕೋತಾರೆ?" ಸೋಮವಾರ ಅವಳ ಗೋಡೆಯೂ ನೀಲಿಯಾಯಿತು. ಇಡೀ ಸಾಲು ತೊಳೆದು ಬಳಿದು ಲಕಲಕ ಅಂತು. ಉಳಿದದ್ದು ಎರಡನೇ ಮನೆಯವನೊಬ್ಬ. ಯಾವ ಕೆಲಸ ಹೇಳಿದರೂ "ನಾಳೆ" ಅನ್ನುತ್ತಿದ್ದುದರಿಂದ ಅವನಿಗೆ ನಾಳೆಯಣ್ಣ ಅಂತಲೇ ಹೆಸರು. ಛಾವಣಿಯ ಸೋರಿಕೆ ಅವನ ಗೋಡೆಯ ಮೇಲೆ ಹುಲಿಪಟ್ಟೆ ಬರೆದಿತ್ತು. ಅವನು ಅದರ ಕೆಳಗೆ ಕಾಲು ಚಾಚಿ ಚಹಾ ಕುಡಿಯುತ್ತಿದ್ದ.

ಮಂಗಳವಾರ ಆರೋಗ್ಯ ಕಚೇರಿಯ ಮೇಡಂ ಬಂದಳು. ಚಿಕ್ಕ ವಯಸ್ಸಿನವಳು. ಕೈಯಲ್ಲಿ ರಟ್ಟು, ರಟ್ಟಿಗೆ ಸಿಕ್ಕಿಸಿದ ಹಳದಿ ಕಾಗದ.

"ಗೋಡೆಯಲ್ಲಿ ತೇವ ಇದೆಯಾ ಅಜ್ಜಿ?"

"ತೇವಾನಾ? ನಮ್ಮನೇಲಾ? ಬಿಡ್ತು ಅನ್ನಮ್ಮ! ನನ್ನ ಮಗ ಏನು ಕೆಲಸ ಮಾಡ್ತಾನೆ ಗೊತ್ತಾ?"

ಮೇಡಂ ಗೋಡೆ ನೋಡಿದಳು, ಎರಡು ಹೆಜ್ಜೆ ಹಿಂದೆ ಸರಿದು ಮತ್ತೆ ನೋಡಿದಳು. "ಎಷ್ಟು ಅಚ್ಚುಕಟ್ಟಾಗಿದೆ! ಯಾರು ಮಾಡಿದ್ದು?" ಎಂದಳು. ಬಾಗಿಲಲ್ಲಿದ್ದ ಬಣ್ಣದಣ್ಣನಿಗೆ ಆ ಕ್ಷಣದಲ್ಲಿ ಗಂಟಲವರೆಗೆ ಒಂದು ಮಾತು ಬಂತು, ಹೊಗಳಿಕೆಯ ಸುಖಕ್ಕೆ ಕರಗಿ ಹೋಯಿತು. "ನಾನೇ" ಅಂದ, ಅಷ್ಟೇ. ಅವಳು ಹರಿದುಕೊಟ್ಟ ಹಳದಿ ಚೀಟಿಯಲ್ಲಿ 'ಗೋಡೆ: ಒಣ. ಸ್ಥಿತಿ: ಉತ್ತಮ' ಎಂದಿತ್ತು. ಅಮ್ಮ ಅದನ್ನು ಕನ್ನಡಿಯ ಪಕ್ಕದಲ್ಲಿ ಅಂಟಿಸಿದಳು.

ಮುಂದಿನ ಸೋಮವಾರ ನಲ್ಲಿಯ ಕಂಬಕ್ಕೆ ಎರಡನೇ ಚೀಟಿ ಬಂತು. ಮಳೆಗೆ ಮುಂಚೆ ತೇವದ ಮನೆಗಳಿಗೆ ಪೈಪು, ಛಾವಣಿ ಸರಿಮಾಡಿಸಿ, ಹಿಂದಕ್ಕೊಂದು ಕಿಟಕಿ ಒಡೆಸಿ ಕೊಡಲಾಗುವುದು. ಕೆಳಗೆ ಪಟ್ಟಿ. ಈ ಸಾಲಿನಿಂದ ಒಂದೇ ಮನೆ, ಎರಡನೆಯದು. ತಕರಾರಿದ್ದವರು ಶುಕ್ರವಾರದೊಳಗೆ ತಿಳಿಸಬೇಕು.

ನಾಳೆಯಣ್ಣನಿಗೇ ನಂಬಿಕೆ ಬರಲಿಲ್ಲ. "ನಾನೇನೂ ಮಾಡ್ಲಿಲ್ಲವಲ್ಲಪ್ಪ!" ಅಂತ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ.

ಬಣ್ಣದಣ್ಣ ಪಟ್ಟಿಯನ್ನು ಎರಡು ಸಲ ಓದಿ ಮನೆಗೆ ಬಂದ. ಬುಧವಾರ ಬೆಳಿಗ್ಗೆ ಗುಬ್ಬಿ ಎದ್ದು ಕೂತಳು, ಉಸಿರಿಗೆ ಭುಜ ಮೇಲೆದ್ದು ಇಳಿಯುತ್ತಿತ್ತು. ಅವಳ ದಿಂಬಿನ ಮೇಲುಗಡೆ ನೀಲಿ ಬಣ್ಣ ಅವರೆಕಾಳಿನಷ್ಟು ಗುಳ್ಳೆ ಎದ್ದಿತ್ತು. ಹೆಂಡತಿ ಮಗಳ ಬೆನ್ನು ನೀವುತ್ತಾ ಆ ಗುಳ್ಳೆ ನೋಡಿದಳು, ಗಂಡನ ಮುಖ ನೋಡಿದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಗುರುವಾರ ಕೆಲಸ ಬಿಟ್ಟು ಕಚೇರಿಗೆ ಹೋದ. ಮೇಡಂ ಕಾಗದ ತೆಗೆದು ನೋಡಿ ಹುಬ್ಬು ಗಂಟಿಕ್ಕಿದಳು.

"ನಾನೇ ಕಣ್ಣಾರೆ ನೋಡಿದ್ದೀನಿ. ಒಣಗಿತ್ತು. ಪಟ್ಟಿ ನೋಡಿದ ಮೇಲೆ ಎಲ್ಲರ ಗೋಡೆಗೂ ತೇವ ಬರುತ್ತೆ ಬಿಡಿ."

"ನೀವು ನೋಡಿದ್ದು ಗೋಡೆ ಅಲ್ಲ ಮೇಡಂ" ಎಂದ ಬಣ್ಣದಣ್ಣ. ಕಿವಿ ಬಿಸಿಯಾಗಿತ್ತು. "ನನ್ನ ಕೆಲಸ. ಗೋಡೆ ಅದರ ಕೆಳಗಿದೆ. ನನ್ನ ಮಗಳಿಗೆ ಉಬ್ಬಸ. ಗೊತ್ತಿದ್ದೂ ಮುಚ್ಚಿಟ್ಟೆ."

ಅವಳು ಅವನನ್ನೇ ದಿಟ್ಟಿಸಿದಳು. "ನಾಳೆ ಬೆಳಿಗ್ಗೆ ಬರ್ತೀನಿ" ಎಂದಳು.

ಶುಕ್ರವಾರ ಮೇಡಂ ಬರುವ ಹೊತ್ತಿಗೆ ಬಣ್ಣದಣ್ಣ ಕೆರೆಯುವ ತಗಡು ಹಿಡಿದು ನಿಂತಿದ್ದ. ಅವನಿಗೂ ಗೋಡೆಗೂ ನಡುವೆ ಅಮ್ಮ. ಸಾಲಿನವರೆಲ್ಲ ಬಾಗಿಲಲ್ಲಿ.

"ಬಂದವರ ಎದುರಿಗೆ ಮನೆ ಕೆರೀತೀಯಾ? ಮೊನ್ನೆ ಇಲ್ಲ ಅಂದೆ, ಇವತ್ತು ಇದೆ ಅನ್ನಬೇಕಾ? ನಾನು ಸುಳ್ಳಿ ಅನ್ನಿಸ್ಕೊಳ್ಳಬೇಕಾ?"

"ಪಕ್ಕಕ್ಕೆ ಬಾಮ್ಮ."

"ಆಗಲ್ಲ."

ಆಗ ಅಮ್ಮನ ಮೊಣಕಾಲ ಹತ್ತಿರದಿಂದ ಗುಬ್ಬಿಯ ಉಸಿರು ಸಣ್ಣಗೆ ಸೀಟಿ ಹೊಡೆಯಿತು. ಮಗು ಬೇಕಂತ ಮಾಡಿದ್ದಲ್ಲ. ಆದರೆ ಆ ಒಂದು ಕೋಣೆಯಲ್ಲಿ ಬೇರೆ ಯಾವ ಸದ್ದೂ ಇರಲಿಲ್ಲ. ಅಮ್ಮ ತಲೆ ಬಗ್ಗಿಸಿ ಮೊಮ್ಮಗಳನ್ನು ನೋಡಿದಳು. ಆಮೇಲೆ ನೇರ ಕನ್ನಡಿಯ ಹತ್ತಿರ ಹೋಗಿ ಹಳದಿ ಚೀಟಿಯನ್ನು ಉಗುರಿನಿಂದ ಎಬ್ಬಿಸಿ ತಂದು ಮೇಡಂ ಕೈಗಿಟ್ಟಳು.

"ತಗೊಳ್ಳಮ್ಮ, ಇದು ವಾಪಸ್ಸು. ನಮ್ಮ ಮನೆ ಉತ್ತಮ ಅಲ್ಲ. ಕೆಟ್ಟದಾಗಿದೆ, ತುಂಬಾ ಕೆಟ್ಟದಾಗಿದೆ. ಹಂಗಂತ ಬರ್ಕೋ." ಮಗನತ್ತ ತಿರುಗಿದಳು. "ನಿಂತು ನೋಡ್ತೀಯಲ್ಲೋ, ಕೆರಿ!"

ತಗಡು ಇಟ್ಟಿದ್ದೇ ತಡ, ನೀಲಿ ಹಪ್ಪಳದ ಹಾಗೆ ಸುರುಳಿ ಸುತ್ತಿ ಬಿತ್ತು. ಕೆಳಗೆ ಪುಟ್ಟಿ ಗಂಜಿಯಾಗಿತ್ತು, ಅದರ ಕೆಳಗೆ ಕಪ್ಪಗೆ ಬೆವರುವ ಗಾರೆ. ಮೇಡಂ ಹತ್ತಿರ ಬಂದು ಬಗ್ಗಿ ನೋಡಿದಳು.

"ನನಗೆ ಹೇಗೆ ಗೊತ್ತಾಗಬೇಕಿತ್ತು ಇದು?"

"ಕೈ ಕೊಡಿ. ಅಂಗೈ ಬೇಡ, ಹಿಂಬದಿ." ಇನ್ನೂ ಕೆರೆಯದ ನೀಲಿಯ ಮೇಲೆ ಅವಳ ಕೈ ಇಡಿಸಿದ, ಆಮೇಲೆ ಪಕ್ಕದ ಗೋಡೆಯ ಮೇಲೆ. "ತಣ್ಣಗಿರೋದು ಯಾವುದು? ಈಗ ಬಡಿದು ನೋಡಿ. ಒಣಗಿದ್ದು ಠಣ್ ಅನ್ನುತ್ತೆ, ಒದ್ದೆ ಇದ್ರೆ ಡಬ್ ಅನ್ನುತ್ತೆ."

ಅವಳು ಬಡಿದಳು. ಡಬ್. ಅವಳ ಮುಖದಲ್ಲಿ ಮೊದಲ ಸಲ ನಗು ಬಂತು.

ಬಾಗಿಲಲ್ಲಿ ಇಸ್ತ್ರಿಯಕ್ಕ ತಡೆಯಲಾರದೆ ಮುಂದೆ ನುಗ್ಗಿದಳು. "ಮೇಡಂ, ಇವರದ್ದೇನು ಮಹಾ! ನಮ್ಮದು ಬಂದು ನೋಡಿ, ಇದರ ಅಪ್ಪನಂತಿದೆ. ಏ ಬಣ್ಣದಣ್ಣ, ನಮ್ಮದೂ ಕೆರಿ ಬಾರೋ ಬೇಗ, ಅವರು ಹೊರಟುಬಿಟ್ಟಾರು!"

ಅವತ್ತು ಏಳು, ಎಂಟು ಎರಡೂ ಪಟ್ಟಿಗೆ ಸೇರಿದವು. ಮೇಡಂ ಹೋಗುವಾಗ ಬಣ್ಣದಣ್ಣನನ್ನು ಕರೆದು, ಹಿಂದಿನ ಬೀದಿಯಲ್ಲೂ ಹೀಗೆ ಹೊಳೆಯುವ ಗೋಡೆಗಳು ಸುಮಾರಿವೆ, ಒಂದು ಬೆಳಿಗ್ಗೆ ಜೊತೆಗೆ ಬರ್ತೀರಾ ಎಂದು ಕೇಳಿದಳು. ಹೋದ. ಅಲ್ಲಿ ಹನ್ನೊಂದು ಮನೆ ಸಿಕ್ಕವು. ಮೂರಂತೂ ಅವನೇ ಹೇಳಿಕೊಟ್ಟ ಹುಡುಗರು ಬಳಿದದ್ದು. ಚೆನ್ನಾಗಿಯೇ ಬಳಿದಿದ್ದರು.

ಪೈಪು ಬದಲಾಯಿತು. ಬಚ್ಚಲ ಛಾವಣಿಗಿಂತ ಮೇಲಕ್ಕೆ ಒಂದು ಕಿಟಕಿ ಒಡೆದರು. ಅಗಲ ಒಂದು ಮೊಳ ಇದ್ದೀತು, ಆದರೂ ಮುಂದಿನ ಕಿಟಕಿಯಿಂದ ಬಂದ ಗಾಳಿ ಮನೆ ಹಾದು ಹಿಂದಕ್ಕೆ ಹೋಗುವುದನ್ನು ಆ ಮನೆ ಮೊದಲ ಸಲ ಕಂಡಿತು. ಅಮ್ಮ ಅದರ ಕೆಳಗೇ ತನ್ನ ಚಾಪೆ ಎಳೆದುಕೊಂಡಳು. ಗುಬ್ಬಿಗೂ ಅಜ್ಜಿಗೂ ಆ ಜಾಗಕ್ಕೆ ದಿನಾ ಜಗಳ.

ಮಳೆ ಬಂತು. ಬಂದು ಎರಡು ವಾರವಾದರೂ ಗುಬ್ಬಿಯನ್ನು ಆಸ್ಪತ್ರೆಗೆ ಹೊತ್ತುಕೊಂಡು ಹೋಗುವ ಪ್ರಸಂಗ ಬರಲಿಲ್ಲ. ಬೆಳಿಗ್ಗೆ ಎದೆಗೆ ಕಿವಿಯಿಟ್ಟು ಕೇಳುವ ಅಭ್ಯಾಸವನ್ನು ಹೆಂಡತಿ ಇನ್ನೂ ಬಿಟ್ಟಿರಲಿಲ್ಲ. ಕೇಳಿ, ಸುಮ್ಮನೆ ತಲೆಯಾಡಿಸಿ, ಕಾರ್ಖಾನೆಗೆ ಹೊರಡುತ್ತಿದ್ದಳು.

ಹಿಂಗೋಡೆ ಮಾತ್ರ ಹಾಗೇ ಬರಿಮೈಯಲ್ಲಿತ್ತು, ಬೂದು ಗಾರೆ, ಅಲ್ಲಲ್ಲಿ ತೇಪೆ. ನಾಳೆಯಣ್ಣ ಚಹಾದ ಲೋಟ ಹಿಡಿದು ಇಣುಕಿದ. "ಏನು ಬಣ್ಣದಣ್ಣ, ಇಷ್ಟು ದಿನವಾದ್ರೂ ಗೋಡೆಗೆ ಬಣ್ಣ ಇಲ್ಲ?"

"ನಾಳೆ" ಎಂದ ಬಣ್ಣದಣ್ಣ.

ಸಾಲಿಗೆ ಸಾಲೇ ನಕ್ಕಿತು. ಅಮ್ಮ ಮಾತ್ರ ಸಿಡುಕಿದಳು. "ಸಾಕು ಮಾಡ್ರೋ. ಒಣಗಿ ಎಷ್ಟು ದಿನ ಆಯ್ತು, ನಾಲ್ಕು ಜನ ಬಂದ್ರೆ ಹೇಗೆ ಕಾಣುತ್ತೆ?"

ಗುಬ್ಬಿ ಹಾಸಿಗೆಯ ಮೇಲೆ ಮಂಡಿಯೂರಿ ಕೂತು, ಕೈಯ ಹಿಂಬದಿಯನ್ನು ಗೋಡೆಗೆ ಒತ್ತಿ ಕಣ್ಣು ಮುಚ್ಚಿದಳು. ಬಡಿದು ಕಿವಿಗೊಟ್ಟಳು. ಮೊಣಕಾಲೆತ್ತರದಲ್ಲಿ ಒಂದು ಕಡೆ ಮತ್ತೊಮ್ಮೆ ಬಡಿದಳು.

"ಇಲ್ಲಿ ಇನ್ನೂ ಚೂರು ತಣ್ಣಗಿದೆ ಅಪ್ಪ. ಇನ್ನೊಂದು ವಾರ ಬೇಕು."

"ಕೇಳಿಸ್ತಾಮ್ಮ?" ಎಂದ ಬಣ್ಣದಣ್ಣ. ಬ್ರಷ್ಷು ತೊಳೆದು, ಕೊಡವಿ, ಹೊಸ ಕಿಟಕಿಯ ಗಾಳಿಗೆ ಒಣಗಲಿಟ್ಟ.