ಮನೆ ಸುದ್ದಿ

ನನ್ನ ಕನ್ನಡ ತರಗತಿಗೆ ಬೀಗ ಹಾಕಲು ಇಲ್ಲಿನ ಕನ್ನಡ ಸಂಘದವರು ರಾಜ್ಯೋತ್ಸವದ ದಿನವನ್ನೇ ಆರಿಸಿದ್ದರು. ಎಂಥ ಭಂಡತನ! ಅಮೆರಿಕದ ಈ ಕ್ಯಾಂಟನ್ನಿನ ದೇವಸ್ಥಾನದ ನೆಲಮಾಳಿಗೆಯಲ್ಲಿ ವರ್ಷಗಟ್ಟಲೆ ಭಾನುವಾರ ಪಾಠ ಮಾಡಿದವಳು ನಾನು. ಈಗ ಆಟ ಆಡಿಸುತ್ತಾ ಕನ್ನಡ ಕಲಿಸುವ ಆ್ಯಪ್ ಬಂದಿದೆಯಂತೆ, ಮಕ್ಕಳು ಮನೆಯಲ್ಲೇ ಕಲಿಯುತ್ತಾರಂತೆ, ಕೋಣೆ ಟೇಬಲ್ ಟೆನ್ನಿಸ್‌ಗೆ ಬೇಕಂತೆ.

"ನೀಲಾಂಬಿಕಾ ಮೇಡಂ, ಡೇಟಾ ನೋಡಿ. ಎಲ್ಲಾ ಮಕ್ಕಳೂ ಟಾಪ್ ಲೆವೆಲ್‌ಗೆ ಹೋಗಿದಾರೆ. ಫಂಕ್ಷನ್ ದಿನ ರೂಮಿನ ಕೀ ಕೊಟ್ಬಿಡಿ, ಶಾಲು ಹೊದಿಸಿ ಸನ್ಮಾನನೂ ಮಾಡ್ತೀವಿ," ಎಂದರು ಅಧ್ಯಕ್ಷ ಹಯವದನ.

"ಶಾಲು ನಿಮ್ಮ ಹತ್ರನ ಇರ್ಲಿ. ಆ ಹುಡುಗೂರನ್ನ ಒಂದ್ಸಲ ಮಾತಾಡ್ಸಿ ನೋಡೀರೇನು?" ಎಂದೆ.

ನೋಡಿರಲಿಲ್ಲ. ಡೇಟಾ ನೋಡುವವರಿಗೆ ಮಕ್ಕಳನ್ನು ನೋಡಲು ಪುರುಸೊತ್ತೆಲ್ಲಿ?

ನನ್ನ ತರಗತಿ ಶುರುವಾಗುತ್ತಿದ್ದುದೇ 'ಮನೆ ಸುದ್ದಿ'ಯಿಂದ. ಪ್ರತಿ ಮಗುವೂ ಎದ್ದು ನಿಂತು, ಆ ವಾರ ಮನೆಯಲ್ಲಿ ನಡೆದ ಒಂದು ನಿಜವನ್ನು ಕನ್ನಡದಲ್ಲಿ ಹೇಳಬೇಕು. ಅಮ್ಮ ಪಲ್ಯ ಸೀಯಿಸಿದ್ದು, ಅಪ್ಪ ಕಾರು ಜೋರಾಗಿ ಓಡಿಸಿ ತಂದ ಸ್ಪೀಡಿಂಗ್ ಟಿಕೆಟ್ ಬಚ್ಚಿಟ್ಟಿದ್ದು, ಎಲ್ಲವೂ ಹೊರಬೀಳುತ್ತಿತ್ತು. ಅಪ್ಪಂದಿರಿಗೆ ನನ್ನ ಮೇಲೆ ಸಿಟ್ಟಿರಲು ಅದೂ ಒಂದು ಕಾರಣ. ಮೇಧಾ ಎಂಬ ಹುಡುಗಿ ಮಾತ್ರ ಬಾಯಿ ಬಿಟ್ಟವಳಲ್ಲ. "ಪಾಸ್, ಆಂಟಿ" ಎಂದು ತನ್ನ ಸರದಿ ದಾಟಿಸಿ ಕೂತುಬಿಡುತ್ತಿದ್ದಳು. ಅವಳ ವಿಷಯದಲ್ಲಿ ಸೋತೆನೆಂದೇ ನೊಂದುಕೊಂಡಿದ್ದೆ.

ರಾಜ್ಯೋತ್ಸವದಲ್ಲಿ ಆ್ಯಪ್‌ನ ಮೊದಲ ಬಹುಮಾನ ಅದೇ ಮೇಧಾಗೆ! ಕಪ್ ಹಿಡಿದು ವೇದಿಕೆಯ ಮೇಲೆ ತಲೆ ತಗ್ಗಿಸಿ ನಿಂತಿದ್ದಳು. ಅವಳಪ್ಪ ಶ್ರೀಕಾಂತ, ಹತ್ತಿರದ ಊರು ಸೌತ್‌ಫೀಲ್ಡ್‌ನಲ್ಲಿ ಐಟಿ ಮ್ಯಾನೇಜರ್, ಮುಂದಿನ ಸಾಲಿನಿಂದ ವಿಡಿಯೋ ತೆಗೆಯುತ್ತಿದ್ದ. ಕೀ ಕೊಡಲೆಂದು ನನ್ನನ್ನೂ ಕರೆದರು. ಹೋದೆ. ಕೀ ಕೊಡಲಿಲ್ಲ, ಹಯವದನರ ಕೈಯಿಂದ ಮೈಕ್ ಕಿತ್ತುಕೊಂಡೆ.

"ಮೇಧಾ, ಮನಿ ಸುದ್ದಿ ಹೇಳ್ತೀಯೇನವ್ವಾ? ಬ್ಯಾಡಂದ್ರ ಬಿಡು."

ಅವಳು ಕಪ್ ನೋಡಿದಳು, ಅಪ್ಪನನ್ನು ನೋಡಿದಳು. ಇನ್ನೇನು 'ಪಾಸ್' ಎನ್ನುತ್ತಾಳೆ ಎಂದುಕೊಂಡೆ.

"ನಾನು ಆ ಆಟ ಆಡಿಲ್ಲ," ಎಂದಳು ಮೇಧಾ, ಒಂದೊಂದೇ ಮಾತು ಹುಡುಕಿ. "ಅಪ್ಪ ಆಡಿದ್ರು. ದಿನಾ ಆಫೀಸ್ ಮೀಟಿಂಗ್‌ನಲ್ಲಿ ಆಡ್ತಾರೆ. ನಮ್ಮ ಕ್ಲಾಸಿನ ರಿಷಭ್ ಅಪ್ಪನೂ ಆಡ್ತಾರೆ. ಅವರನ್ನ ಸೋಲಿಸ್ಬೇಕಂತೆ. ಈ ಕಪ್ ನಂದಲ್ಲ."

ಶ್ರೀಕಾಂತನ ಫೋನ್ ಮೆಲ್ಲಗೆ ಕೆಳಗಿಳಿಯಿತು. ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಪ್ಪಂದಿರಲ್ಲಿ ನಕ್ಕವರು ಕಡಿಮೆ. ನನಗೆ ಮಾತ್ರ ಅಳು ಬಂತು. ಬಾಯಿ ಮುಚ್ಚಿ ಕೂತಿದ್ದ ಹುಡುಗಿ ಇಷ್ಟು ದಿನ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಮೇಡಂ, ಆ ಕೀ..." ಎಂದು ಹಯವದನ ಪಿಸುಗುಟ್ಟಿದರು.

"ಭಾನುವಾರ ಕ್ಲಾಸ್ ಐತ್ರಿ," ಎಂದು ಮೈಕಿನಲ್ಲೇ ಹೇಳಿದೆ. "ಅಪ್ಪಂದಿರೂ ಬರ್ರಿ. ಎಲ್ಲಾ ಲೆವೆಲ್ ದಾಟೀರಲ್ಲ, ಎದ್ದು ನಿಂತು ಮನಿ ಸುದ್ದಿ ಹೇಳೀರಂತ."

ಕೀಯನ್ನು ಪರ್ಸಿಗೆ ಹಾಕಿಕೊಂಡು ಮೇಧಾಳ ಜೊತೆ ಕೆಳಗಿಳಿದೆ.