ಪಟ್ಟಿಯಲ್ಲಿ ಒಂದು ಕೊಡಲಿ

ಬಂದರಿನ ಆ ಕಚೇರಿಯಲ್ಲಿ ಅವನನ್ನು ಎಲ್ಲರೂ ಪಾಲಪ್ಪ ಎಂದೇ ಕರೆಯುತ್ತಿದ್ದರು. ಹಡಗಿನ ನಷ್ಟವನ್ನು ಪಾಲು ಹಾಕುವುದೇ ಮೂವತ್ತು ವರ್ಷದಿಂದ ಅವನ ಕಸುಬು. ಬಿರುಗಾಳಿಗೆ ಸಿಕ್ಕ ಹಡಗನ್ನು ಉಳಿಸಲು ಒಂದಷ್ಟು ಸರಕನ್ನು ನೀರಿಗೆ ತಳ್ಳಿದರೆ, ಆ ನಷ್ಟ ಒಬ್ಬನ ತಲೆಗೇ ಬರಬಾರದು. ಹಡಗಿನವನೂ ಉಳಿದ ಸರಕಿನವರೂ ತಮ್ಮ ತಮ್ಮ ಮಾಲಿನ ಬೆಲೆಗೆ ತಕ್ಕಂತೆ ಹಂಚಿಕೊಳ್ಳಬೇಕು. ಎಂಥ ಒಳ್ಳೆಯ ಕಾನೂನು ನೋಡಿ! ಊಟಕ್ಕೆ ಕೂತಾಗಲೆಲ್ಲ ಪಾಲಪ್ಪನದು ಅದೇ ಪುರಾಣ. ನೀರಿನ ಮೇಲೆ ಯಾರೂ ಒಂಟಿಯಾಗಿ ನಷ್ಟ ಹೊರುವುದಿಲ್ಲ ಎಂದು ಮಗನ ಕಿವಿ ತೂತು ಬೀಳುವಷ್ಟು ಹೇಳಿದ್ದ. ಅವನನ್ನು ಹಡಗಿನ ಕೆಲಸಕ್ಕೆ ಸೇರಿಸಿದವನೂ ಈ ಮಹಾನುಭಾವನೇ.

ಆ ಮಗ ಈಗಿಲ್ಲ. ಅಲೆಗೆ ಹಡಗು ಒಂದು ಕಡೆಗೆ ವಾಲಿದಾಗ, ಡೆಕ್ಕಿನ ಮೇಲಿದ್ದ ಮರದ ದಿಮ್ಮಿಗಳನ್ನು ನೀರಿಗೆ ಬಿಡಲು ಕ್ಯಾಪ್ಟನ್ ಹೇಳಿದ. ಮಗ ಕೊಡಲಿ ಹಿಡಿದು ಹೋದ. ಕೊನೆಯ ಹಗ್ಗ ಕಡಿದದ್ದೇ ತಡ, ದಿಮ್ಮಿಗಳ ಜೊತೆ ಕೊಡಲಿ ಸಮೇತ ಅವನೂ ನೀರಿಗೆ ಹೋದ. ಹಡಗು ಉಳಿಯಿತು. ನಲವತ್ತು ವ್ಯಾಪಾರಿಗಳ ಟೀ ಪೆಟ್ಟಿಗೆ, ಟೈಲ್ಸು, ಹೊಲಿಗೆ ಯಂತ್ರ ಎಲ್ಲ ಒಂದಿಷ್ಟೂ ಮುಕ್ಕಾಗದೆ ದಡ ಸೇರಿದವು.

ಆ ಹಡಗಿನ ಕಡತ ಬೇರೆಯವರು ನೋಡಲಿ ಎಂದು ಮ್ಯಾನೇಜರು ಎಷ್ಟೋ ಹೇಳಿದರು. ಪಾಲಪ್ಪ ಜಪ್ಪಯ್ಯ ಅನ್ನಲಿಲ್ಲ, ತಾನೇ ಇಟ್ಟುಕೊಂಡ. ಸೊಸೆ ಅವನನ್ನು ಒಂದೇ ಒಂದು ಮಾತು ಕೇಳಿದ್ದಳು. ಕಂಪನಿ ಕೊಡುವ ಪರಿಹಾರ ಅದರ ಪಾಡಿಗಿರಲಿ, ಅವಳಿಗೆ ಬೇಕಾದದ್ದು ದುಡ್ಡಲ್ಲ.

"ಇವರಿಂದ ಉಳಿದ್ವಿ ಅಂತ ಆ ನಲವತ್ತು ಜನಕ್ಕೂ ಗೊತ್ತಾಗ್ಬೇಕು ಮಾವ. ಅವರಿಗೆ ಹೋಗೋ ನಿಮ್ಮ ನಷ್ಟದ ಪಟ್ಟಿಯಲ್ಲಿ ಇವರ ಹೆಸರು ಬರ್ಲಿ."

ಅವನು ಹೂಂ ಅಂದುಬಿಟ್ಟಿದ್ದ. ಆ ಪಟ್ಟಿಯಲ್ಲಿ ಜೀವಕ್ಕೆ ಜಾಗವಿಲ್ಲವೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಆದರೂ ಅಂದ.

ಬರೆಯಲು ಕೂತ. ದಿಮ್ಮಿಗಳು. ಕಡಿದ ಹಗ್ಗಗಳು. ಕೊಡಲಿ, ಒಂದು. ಹಳೆಯ ಸಾಮಾನಾದರೆ ಬೆಲೆಯಲ್ಲಿ ಮೂರರಲ್ಲೊಂದು ಭಾಗ ಕಳೆಯಬೇಕು. ರಸೀದಿ ಹುಡುಕಿ ನೋಡಿದ, ಕೊಡಲಿ ತಂದು ಎರಡೇ ತಿಂಗಳಾಗಿತ್ತು, ಪೂರ್ತಿ ಬೆಲೆ ಹಾಕಿದ. ಅದರ ಕೆಳಗೆ ಮಗನ ಹೆಸರು ಬರೆದ. ಎದುರಿಗೆ ಬೆಲೆಯ ಮನೆ ಖಾಲಿ ಉಳಿಯಿತು. ಒದ್ದೆಯಾದ ಟೀಯನ್ನು ಮೂಸಿಯೇ ಬೆಲೆ ಕಟ್ಟುತ್ತಿದ್ದವನು ಅಲ್ಲಿ ಒಂದಂಕಿ ಬರೆಯಲಾರದೆ ಹೋದ. ಎಷ್ಟು ಬರೆದರೂ ಪಾಪಿಯೇ, ಬರೆಯದಿದ್ದರೆ ಪಾಲು ಬೀಳುವುದಿಲ್ಲ. ಮಧ್ಯಾಹ್ನದ ಡಬ್ಬಿ ಬಿಚ್ಚದೆ ಹಾಗೇ ಉಳಿಯಿತು.

ಮ್ಯಾನೇಜರು ಬೆನ್ನ ಹಿಂದೆ ಬಂದು ನಿಂತು ಓದಿದರು. ಆ ಸಾಲಿದ್ದರೆ ಯಾವನಾದರೊಬ್ಬ ವ್ಯಾಪಾರಿ ಕೋರ್ಟಿಗೆ ಹೋಗುತ್ತಾನೆ, ಇಡೀ ಪಟ್ಟಿಯೇ ಬಿದ್ದುಹೋಗುತ್ತದೆ, ದಿಮ್ಮಿ ಕಳೆದುಕೊಂಡವನಿಗೂ ಬರಬೇಕಾದದ್ದು ಬರುವುದಿಲ್ಲ ಎಂದು ಮೆಲ್ಲಗೆ ಹೇಳಿದರು.

"ಆ ಸಾಲು ನೀವೇ ಹೊಡೆದುಬಿಡಿ. ನನ್ನ ಕೈಲಾಗಲ್ಲ," ಎಂದರು ಮ್ಯಾನೇಜರು.

ಪಾಲಪ್ಪ ಸ್ಕೇಲು ತೆಗೆದುಕೊಂಡ. ತಪ್ಪಾದ ಸಾಲನ್ನು ಮೂವತ್ತು ವರ್ಷ ಹೇಗೆ ಹೊಡೆಯುತ್ತಿದ್ದನೋ ಹಾಗೆಯೇ ಮಗನ ಹೆಸರಿನ ಮೇಲೆ ನೇರ ಗೆರೆ ಎಳೆದ. ಗೆರೆ ಒಂಚೂರೂ ಸೊಟ್ಟಗಾಗಲಿಲ್ಲವಲ್ಲ ಎಂದು ತನ್ನ ಮೇಲೆ ತನಗೇ ಅಸಹ್ಯವಾಯಿತು.

ಶುದ್ಧಪ್ರತಿಯನ್ನು ಸಂಜೆ ಮನೆಗೆ ತಂದ. ಸೊಸೆ ಒದ್ದೆ ಕೈ ಒರೆಸಿಕೊಂಡು ಬಂದು, ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದಿದಳು. ಕೊಡಲಿಯ ಹತ್ತಿರ ಬೆರಳು ನಿಂತಿತು. ಕೆಳಗೆ ಇನ್ನೇನೂ ಇರಲಿಲ್ಲ.

"ಈ ಕೊಡಲಿಗೆ ನಲವತ್ತು ಜನಾನೂ ಪಾಲು ಕೊಡ್ತಾರಾ ಮಾವ?"

"ಕೊಡ್ತಾರೆ."

"ಇವರದ್ದು?"

ಅವನು ಚಪ್ಪಲಿಯನ್ನೂ ಬಿಟ್ಟಿರಲಿಲ್ಲ, ಬಾಗಿಲಲ್ಲೇ ಕೂತು ಬಿಚ್ಚತೊಡಗಿದ.

"ಆ ನಷ್ಟ ಪೂರ್ತಿ ನಮ್ಮದೇ ಕಣಮ್ಮ."